ಹುಳುಮನೆಗೆ ಸೆನ್ಸರ್ ಕೂರಿಸುವಾಗ

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ರೇಷ್ಮೆ ಹುಳುಮನೆಗೆ ಉಷ್ಣಾಂಶ, ತೇವಾಂಶ ತೋರಿಸುವ ಸೆನ್ಸರ್ ತಂದಿದ್ದರೆ ಮೊದಲೇ ಡ್ರಿಲ್ ಎತ್ತಿಕೊಳ್ಳಬೇಡಿ. ಜಾಗ ನೋಡಿ. ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, 26ರಿಂದ 28 ಡಿಗ್ರಿ ಬೇಕು, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ 24ರ ಆಸುಪಾಸು ಸಾಕು. ವ್ಯತ್ಯಾಸ ಇಷ್ಟೇ ಇರುವಾಗ ಮಧ್ಯಾಹ್ನದ ಬಿಸಿಲು ಬಡಿಯುವ ಪಡುವಣ ಗೋಡೆಗೆ ಸೆನ್ಸರ್ ಅಂಟಿಸಿದರೆ ಅದು ಗೋಡೆ ಎಷ್ಟು ಕಾದಿದೆ ಅಂತ ಹೇಳುತ್ತದೆ, ಹುಳುವಿನ ಹತ್ತಿರದ ಗಾಳಿ ಹೇಗಿದೆ ಅಂತ ಅಲ್ಲ. ಬಾಗಿಲು, ಕಿಟಕಿ, ಹೀಟರ್ ಪಕ್ಕವೂ ಬೇಡ.

ನನ್ನ ಕೇಳಿದರೆ ಗೋಡೆಯೇ ಬೇಡ. ಹುಳು ಸಾಕುವ ನಡುವಿನ ಸ್ಟ್ಯಾಂಡಿನ ಕಾಲಿಗೆ, ಮಧ್ಯದ ಅಂತಸ್ತಿನ ಎತ್ತರಕ್ಕೆ, ಎರಡು ಕೇಬಲ್ ಟೈ ಹಾಕಿ ಬಿಗಿದರೆ ಮುಗಿಯಿತು.

ಗೋಡೆಗೇ ಬೇಕು ಅಂದರೆ ಹಿಂದೆ ಒಂದು ಮರದ ತುಂಡು ಕೊಟ್ಟು ಗಾಳಿ ಆಡಲು ಸಂದು ಬಿಡಿ. ಸುಣ್ಣ ಬಳಿದ ಗೋಡೆಗೆ ಡಬಲ್ ಸೈಡ್ ಟೇಪ್ ಸುಮ್ನೆ ದಂಡ, ಸುಣ್ಣದ ಸಮೇತ ಕಿತ್ತು ಬರುತ್ತದೆ. ಇಟ್ಟಿಗೆ ಗೋಡೆಗೆ 6 ಎಂಎಂ ಬಿಟ್, ಪ್ಲಗ್, ಸ್ಕ್ರೂ ಸರಿ. ಹಾಲೋ ಬ್ಲಾಕ್ ಆದರೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ನಿಧಾನಕ್ಕೆ ಕೊರೆಯಿರಿ, ಇಲ್ಲದಿದ್ದರೆ ಮುಂದಿನ ಪದರವೇ ಒಡೆದು ಪ್ಲಗ್ ಒಳಗೆ ಬೀಳುತ್ತದೆ. ನಮ್ಮ ಕಡೆಯ ಕಲ್ಲು ಚಪ್ಪಡಿ ಗೋಡೆಗೆ ಹ್ಯಾಮರ್ ಬೇಕೇ ಬೇಕು, ಆದರೆ ಅಂಚಿನ ಹತ್ತಿರ ಕೊರೆದರೆ ಚಕ್ಕೆ ಏಳುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹಳೇ ಸಿಮೆಂಟ್ ಶೀಟಿಗೆ ಮಾತ್ರ ತೂತು ಹಾಕಲೇಬೇಡಿ: ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲೂ ಕೊರೆಯಬೇಡಿ, ಒಳಗೆ ವೈರ್ ಓಡಿರುತ್ತದೆ. ಆ ಕೋಣೆಯ ಕರೆಂಟ್ ತೆಗೆದು, ಡ್ರಿಲ್ಲಿಗೆ ಬೇರೆ ಕಡೆಯಿಂದ ಲೈನ್ ಎಳೆದುಕೊಳ್ಳಿ. ತೇವ ಇರುವ ಕೋಣೆ ಅಲ್ವಾ, ಅಡಾಪ್ಟರ್ ಹೊರಗಿದ್ದರೆ ಒಳ್ಳೆಯದು. ಸೆನ್ಸರಿಗೆ ಹೋಗುವ ವೈರನ್ನು ಕೆಳಗೆ ಸ್ವಲ್ಪ ಜೋತು ಬಿಟ್ಟು ಮೇಲೆ ತನ್ನಿ, ನೀರು ಹರಿದು ಬಂದರೂ ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನೊಂದು ಮುಖ್ಯ ವಿಷಯ, ಖಾಯಂ ಆಗಿ ಅಂಟಿಸಬೇಡಿ. ಪ್ರತಿ ಹುಳು ಬೆಳೆ ಮುಗಿದ ಮೇಲೆ ರೋಗಾಣು ಸಾಯಲು ಬ್ಲೀಚಿಂಗ್ ಪೌಡರೋ ಫಾರ್ಮಲಿನ್ನೋ ಹೊಡೆಯುತ್ತೀರಿ. ಅದರ ಹಬೆಗೆ ತೇವಾಂಶದ ಸೆನ್ಸರ್ ತಪ್ಪು ತೋರಿಸಲು ಶುರು ಮಾಡುತ್ತದೆ, ಕ್ಲೋರಿನ್ನಿಗೆ ಸೆನ್ಸರಿನ ಲೋಹದ ಕಾಲುಗಳು ತುಕ್ಕು ಹಿಡಿಯುತ್ತವೆ. ಸೆನ್ಸರ್ ಕೂರಿಸುವ ಪ್ಲೇಟ್ ಗೋಡೆಯಲ್ಲಿರಲಿ, ಸೆನ್ಸರ್ ಬಿಚ್ಚಿ ಮನೆಗೆ ತನ್ನಿ, ವಾಸನೆ ಪೂರ್ತಿ ಹೋದ ಮೇಲೆ ವಾಪಸ್ ಹಾಕಿ. ಹುಳುವಿನ ಮೇಲೆ ಉದುರಿಸಿದ ಸುಣ್ಣದ ಪುಡಿ ಸೆನ್ಸರಿನ ತೂತುಗಳಲ್ಲಿ ಕೂತಿದ್ದರೆ ಒಣ ಬ್ರಷ್ಷಿನಲ್ಲಿ ಕೊಡವಿ, ಒದ್ದೆ ಬಟ್ಟೆ ಬೇಡ.