ಬೂದು ಬಟನ್‌ಗೆ ಬಣ್ಣ, ಒತ್ತಕ್ಷರಕ್ಕೆ ಜಾಗ: ಪೈಥಾನ್ ಪರದೆ ಸಿಂಗರಿಸುವುದು ಹೇಗೆ?

ಗೋಣಿಕೊಪ್ಪಲಿನ ಕಾಫಿ ಖರೀದಿ ಅಂಗಡಿಯೊಂದಕ್ಕೆ ಪೈಥಾನ್‌ನಲ್ಲಿ ಪುಟ್ಟ ತಂತ್ರಾಂಶ ಬರೆದಿದ್ದೀರಿ ಎಂದುಕೊಳ್ಳಿ. ತೂಕ, ದರ, ಮೊತ್ತ ಎಲ್ಲ ಸರಿಯಾಗಿದೆ. ಆದರೆ ‘ಉಳಿಸು’ ಬಟನ್ನೂ ‘ಅಳಿಸು’ ಬಟನ್ನೂ ಒಂದೇ ಬೂದು ಬಣ್ಣ. ಕೊಯ್ಲಿನ ಸಮಯದಲ್ಲಿ ಹೊರಗೆ ಪಿಕಪ್‌ಗಳ ಸಾಲು ನಿಂತಿರುವಾಗ ಯಾವುದನ್ನು ಒತ್ತಬೇಕು ಎಂದು ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ.

ವಿಂಡೋ, ಬಟನ್ ಮಾಡಲು ಪೈಥಾನ್ ಜೊತೆಗೇ ಬರುವ ಸಲಕರಣೆ ಟಿಕೆಇಂಟರ್. ಅದರಲ್ಲಿ ‘ಟಿಟಿಕೆ’ ಎಂಬ ಭಾಗವಿದೆ. ಅಂದಚೆಂದದ ಕೆಲಸ ಅದರದ್ದು. ಕೋಡ್‌ನ ಪದಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು ಥೀಮ್, ಅಂದರೆ ಪರದೆಯ ಒಟ್ಟಾರೆ ರೂಪ, ಬದಲಿಸಿ. ವಿಂಡೋಸ್‌ನಲ್ಲಿ ‘ವಿಸ್ತಾ’ ಥೀಮ್ ತಾನಾಗಿ ಬಂದು ಕೂರುತ್ತದೆ. ಅದರಲ್ಲಿ ಬಟನ್ನಿನ ಮೈಯನ್ನು ಬಿಡಿಸುವುದು ವಿಂಡೋಸ್, ನಿಮ್ಮ ಕೋಡ್ ಅಲ್ಲ. ಹಸಿರು ಬಣ್ಣ ಕೊಟ್ಟರೆ ಅಂಚಿನಲ್ಲಿ ಒಂದು ಗೆರೆ ಕಾಣಿಸಬಹುದು, ಅಷ್ಟೇ. ಬಹಳ ಜನ ಇಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟೈಲ್ ಆಬ್ಜೆಕ್ಟ್ ಮಾಡಿಕೊಂಡು, ‘ಥೀಮ್ ಯೂಸ್’ ಮೂಲಕ ‘ಕ್ಲ್ಯಾಮ್’ ಥೀಮ್ ಆರಿಸಿ. ನೋಡಲು ಸ್ವಲ್ಪ ಹಳೇ ಕಾಲದ್ದು, ಆದರೆ ಹೇಳಿದ ಮಾತು ಕೇಳುತ್ತದೆ.

ಆಮೇಲೆ ನಿಮ್ಮದೇ ಶೈಲಿಗೆ ಹೆಸರಿಡಿ. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ನಂತರ ಅಲ್ವಾ? ಇಲ್ಲಿ ಉಲ್ಟಾ. ನೀವಿಟ್ಟ ಹೆಸರು ಮೊದಲು, ನಂತರ ಚುಕ್ಕಿ, ಆಮೇಲೆ ಮೂಲದ ಹೆಸರು: ‘ಉಳಿಸು ಚುಕ್ಕಿ ಟಿಬಟನ್’. ‘ಟಿಬಟನ್’ ಎಂದರೆ ಟಿಟಿಕೆ ಬಟನ್ನಿನ ಮೂಲ ಶೈಲಿ. ಚುಕ್ಕಿ ಮರೆತು ಬರೀ ‘ಉಳಿಸು’ ಎಂದು ಬರೆದರೆ ‘ಲೇಔಟ್ ನಾಟ್ ಫೌಂಡ್’ ಎಂಬ ದೂರು ಬರುತ್ತದೆ. ‘ಕಾನ್ಫಿಗರ್’ನಲ್ಲಿ ಹಿನ್ನೆಲೆ ಬಣ್ಣ, ಅಕ್ಷರದ ಬಣ್ಣ, ಫಾಂಟ್, ಪ್ಯಾಡಿಂಗ್ (ಅಕ್ಷರದ ಸುತ್ತ ಬಿಡುವ ಜಾಗ) ಕೊಡಿ. ಬಟನ್‌ಗೆ ಈ ಶೈಲಿಯ ಹೆಸರು ಹೇಳಿದರೆ ಸಾಕು. ನಾಳೆ ಬಣ್ಣ ಬೇಡವೆನಿಸಿದರೆ ಒಂದೇ ಕಡೆ ತಿದ್ದಬಹುದು.

ಈಗ ಮೌಸ್ ಮೇಲಿಟ್ಟು ನೋಡಿ. ಹಸಿರು ಮಾಯ, ಮತ್ತೆ ಬೂದು! ‘ಕಾನ್ಫಿಗರ್’ ಹೇಳುವುದು ಸುಮ್ನೆ ಇರುವ ಬಟನ್ನಿನ ಬಣ್ಣ ಮಾತ್ರ. ಉಳಿದ ಸ್ಥಿತಿಗಳಿಗೆ ‘ಮ್ಯಾಪ್’ ಬೇಕು. ಅದರಲ್ಲಿ ‘ಡಿಸೇಬಲ್ಡ್’ (ಒತ್ತಲಾಗದ್ದು), ‘ಪ್ರೆಸ್ಡ್’ (ಒತ್ತಿದ್ದು), ‘ಆಕ್ಟಿವ್’ (ಮೌಸ್ ಮೇಲಿರುವುದು) ಎಂಬ ಕ್ರಮದಲ್ಲೇ ಬಣ್ಣ ಕೊಡಿ. ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಬಟನ್ ಒತ್ತಿದಾಗ ಮೌಸ್ ಹೇಗೂ ಅದರ ಮೇಲೇ ಇರುತ್ತದೆ, ಹಾಗಾಗಿ ‘ಆಕ್ಟಿವ್’ ಮುಂದೆ ಬಂದರೆ ಒತ್ತಿದ ಬಣ್ಣ ಕಾಣುವುದೇ ಇಲ್ಲ. ನನ್ನ ಪ್ರಕಾರ ‘ಡಿಸೇಬಲ್ಡ್’ ಬಣ್ಣಕ್ಕೇ ಜಾಸ್ತಿ ಬೆಲೆ. ಒಂದು ಖರೀದಿ ಉಳಿಸಿದ ಕೂಡಲೇ ಬಟನ್ ಡಿಸೇಬಲ್ ಆಗಿ ಮಂಕಾದರೆ ಅದೇ ತೂಕ ಎರಡು ಸಲ ದಾಖಲಾಗುವುದು ತಪ್ಪುತ್ತದೆ.

ಇನ್ನು ಪಟ್ಟಿ, ಅಂದರೆ ಟ್ರೀವ್ಯೂ. ಕನ್ನಡದವರಿಗೆ ನಿಜವಾದ ತೊಂದರೆ ಇಲ್ಲಿ. ಸಾಲಿನ ಎತ್ತರ ಸಾಮಾನ್ಯವಾಗಿ 20 ಪಿಕ್ಸೆಲ್ ಇರುತ್ತದೆ, ಫಾಂಟ್ ದೊಡ್ಡದು ಮಾಡಿದರೂ ಅದು ಬೆಳೆಯುವುದಿಲ್ಲ. ಅಮ್ಮತ್ತಿ, ಚೆಟ್ಟಳ್ಳಿ ಎಂದು ಊರಿನ ಹೆಸರು ಬಂದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಸುಮ್ನೆ 30 ಎಂದು ಅಂದಾಜಿಗೆ ಬರೆಯಬೇಡಿ, ಬೇರೆ ಕಂಪ್ಯೂಟರಿನಲ್ಲಿ ಮತ್ತೆ ಕೆಡಬಹುದು. ಫಾಂಟನ್ನೇ ಕೇಳಿ: ಫಾಂಟ್ ಆಬ್ಜೆಕ್ಟ್‌ನ ‘ಮೆಟ್ರಿಕ್ಸ್’ಗೆ ‘ಲೈನ್‌ಸ್ಪೇಸ್’ ಎಂದು ಕೊಟ್ಟರೆ ಒಂದು ಸಾಲಿಗೆ ಎಷ್ಟು ಎತ್ತರ ಬೇಕೆಂದು ಅದೇ ಹೇಳುತ್ತದೆ. ಅದಕ್ಕೆ ಆರೆಂಟು ಪಿಕ್ಸೆಲ್ ಸೇರಿಸಿ ‘ರೋಹೈಟ್’ಗೆ ಕೊಡಿ. ಫಾಂಟ್ ಹೆಸರು ಕೂಡ ಸ್ಪಷ್ಟವಾಗಿ ಬರೆಯಿರಿ. ವಿಂಡೋಸ್ 8ರಿಂದೀಚೆಗೆ ಕನ್ನಡ ಬಲ್ಲ ನಿರ್ಮಲಾ ಯುಐ ಫಾಂಟ್ ಇದೆ. ಹೆಸರು ಕೊಡದಿದ್ದರೆ ಅಳತೆ ಸಿಗುವುದು ಇಂಗ್ಲಿಷ್ ಫಾಂಟಿನದು, ಪರದೆಯಲ್ಲಿ ಮೂಡುವುದು ಕನ್ನಡದ್ದು.

ಅರೇಬಿಕಾ, ರೊಬಸ್ಟಾ ಸಾಲುಗಳಿಗೆ ಬೇರೆ ಬೇರೆ ಬಣ್ಣ ಬೇಕಾದರೆ ಸಾಲಿಗೆ ಟ್ಯಾಗ್ (ಗುರುತಿನ ಹೆಸರು) ಹಾಕಿ ‘ಟ್ಯಾಗ್ ಕಾನ್ಫಿಗರ್’ ಬಳಸಿದರೆ ಸಾಕು. ತೆಳು ಬಣ್ಣ ಇರಲಿ.

ಶೈಲಿಗೆ ಬಗ್ಗದ ಎರಡು ಜಾಗಗಳಿವೆ. ತೂಕ ಬರೆಯುವ ಎಂಟ್ರಿ ಪೆಟ್ಟಿಗೆಯ ಫಾಂಟ್ ಸ್ಟೈಲ್‌ನಿಂದ ಬದಲಾಗುವುದಿಲ್ಲ, ಅದನ್ನು ನೇರವಾಗಿ ಪೆಟ್ಟಿಗೆಗೇ ಕೊಡಬೇಕು. ಪಾರ್ಚ್‌ಮೆಂಟ್, ಚೆರಿ ಎಂದು ಕಾಫಿಯ ಬಗೆ ಆರಿಸುವ ಕಾಂಬೋಬಾಕ್ಸ್‌ನಲ್ಲಿ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ ಟಿಟಿಕೆಯದ್ದಲ್ಲ, ಅದಕ್ಕಿಂತ ಹಳೇ ‘ಟಿಕೆ’ಯ ಲಿಸ್ಟ್‌ಬಾಕ್ಸ್. ಅದಕ್ಕೆ ಮುಖ್ಯ ವಿಂಡೋದ ‘ಆಪ್ಷನ್ ಆ್ಯಡ್’ ಬಳಸಿ ಫಾಂಟ್ ಹೇಳಬೇಕು, ಅದೂ ಆ ಪಟ್ಟಿ ಮೊದಲ ಸಲ ಬಿಚ್ಚಿಕೊಳ್ಳುವ ಮುಂಚೆಯೇ.