ಟೆಕ್ಸಸ್‌ನ ಹಿಸ್ಟರಿ ಕ್ಲಾಸಿಗೆ ಹೊರಟ ಕೊಡಗಿನ ಹುಡುಗನಿಗೆ

ಕಳೆದ ಜುಲೈ ಮಳೆಯಲ್ಲಿ, ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಮೂರನೇ ದಿನ, ಭಾವಮೈದ ಮಗನನ್ನು ಕರೆದುಕೊಂಡು ಜೀಪಿನಲ್ಲಿ ಬಂದಿಳಿದ. ಅಂಗಿಯೊಳಗೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಆರು ಹಾಳೆ. ಆಗಸ್ಟಿನಲ್ಲಿ ಡಲ್ಲಾಸ್‌ಗೆ ಹೊರಡಬೇಕು, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನನ್ನು ಅಲ್ಲಿ 11ನೇ ಗ್ರೇಡಿಗೆ ಸೇರಿಸಬೇಕು. "ಹಿಸ್ಟರಿ ಸಿಲಬಸ್ಸಂತೆ. ಪಾಠದ ಹೆಸರೇ ಇಲ್ಲ, ಬರೀ ರೂಲ್ಸು" ಎನ್ನುತ್ತ ಒದ್ದೆಯಾದ ಹಾಳೆಗಳನ್ನು ಒಲೆಯ ಪಕ್ಕ ಹರಡಿದ.

ಡಲ್ಲಾಸ್ ಹತ್ತಿರ 11 ವರ್ಷ ಇದ್ದು, ಮಗಳನ್ನು ಅಲ್ಲೇ ಓದಿಸಿ ವಾಪಸಾದವನು ನಾನು. ಆ ಸಂಜೆ ಅವರಿಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ಶಾಲೆಯಿಂದ ಶಾಲೆಗೆ ಬದಲಾಗುತ್ತವೆ, ಲೆಕ್ಕದ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಮೊದಲನೆಯದಾಗಿ, ಅಲ್ಲಿ ಸಿಲಬಸ್ ಅಂದರೆ ಪಾಠಗಳ ಪಟ್ಟಿ ಅಲ್ಲ, ಕರಾರುಪತ್ರ. ಮೇಷ್ಟ್ರು ಅಂಕ ಹೇಗೆ ಕೊಡುತ್ತಾರೆ, ತಡವಾದರೆ ಎಷ್ಟು ಕಳೆಯುತ್ತಾರೆ, ಗೈರುಹಾಜರಾದವನು ಎಷ್ಟು ದಿನದೊಳಗೆ ಕೆಲಸ ಒಪ್ಪಿಸಬೇಕು, ಎಲ್ಲವೂ ಅದರಲ್ಲಿರುತ್ತದೆ. ಮುಂದೆ ಜಗಳ ಬಂದರೆ ಎರಡೂ ಕಡೆಯವರು ಬೆರಳಿಡುವುದು ಆ ಹಾಳೆಯ ಮೇಲೇ.

ನಮ್ಮಲ್ಲಿ ಸಮಾಜ ವಿಜ್ಞಾನದ 100 ಅಂಕದಲ್ಲಿ 80 ಕೊನೆಯ ಪರೀಕ್ಷೆಗೆ, 20 ಆಂತರಿಕ. ಆ 20 ಹೇಗೋ ಬಂದುಬಿಡುತ್ತದೆ ಎಂಬುದು ಗುಟ್ಟೇನಲ್ಲ. ವರ್ಷವಿಡೀ ಹಾಕಿ ಆಡಿಕೊಂಡಿದ್ದವನೂ ಫೆಬ್ರವರಿಯಲ್ಲಿ ಕೂತು ಓದಿದರೆ ದಡ ಸೇರುತ್ತಾನೆ. ಅಲ್ಲಿ ಫೆಬ್ರವರಿಗೆ ಕಾಯುವಂತಿಲ್ಲ. ಭಾವಮೈದ ತಂದ ಹಾಳೆಯ ಪ್ರಕಾರ ಟೆಸ್ಟು, ಪ್ರಬಂಧ, ಪ್ರಾಜೆಕ್ಟುಗಳಿಗೆ ಶೇ 60, ದಿನದಿನದ ಕೆಲಸಕ್ಕೆ ಶೇ 40. ನಮ್ಮ ಹುಡುಗ ಟೆಸ್ಟುಗಳಲ್ಲೆಲ್ಲ 95 ತೆಗೆದು, ದಿನದ ಕೆಲಸ ಅರ್ಧಂಬರ್ಧ ಮಾಡಿ ಅದರಲ್ಲಿ 40 ಸರಾಸರಿ ಇಟ್ಟುಕೊಂಡ ಎನ್ನಿ. 57ಕ್ಕೆ 16 ಸೇರಿಸಿ, ಒಟ್ಟು 73. ಟೆಕ್ಸಸ್‌ನಲ್ಲಿ 70ರ ಕೆಳಗೆ ಫೇಲು. ಅಂದರೆ ಕ್ಲಾಸಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಪರೀಕ್ಷೆ ಬರೆದವನು ಫೇಲಿನ ಅಂಚಿಗೆ ಬಂದು ನಿಂತ.

ಸೊನ್ನೆಯ ಹೊಡೆತ ಇನ್ನೂ ಜೋರು. ನಾಲ್ಕು ಕೆಲಸಕ್ಕೆ 90, ಐದನೆಯದನ್ನು ಕೊಡಲೇ ಇಲ್ಲ: ಸರಾಸರಿ 72. ಆದ್ದರಿಂದ ಅರೆಬರೆ ಆದರೂ ಸರಿ, ಕೊಡಬೇಕು. ತಡವಾಗಿ ಕೊಟ್ಟದ್ದಕ್ಕೆ ದಿನಕ್ಕೆ 10 ಅಂಕ ಕಳೆದರೂ ಸೊನ್ನೆಗಿಂತ ವಾಸಿ. ಫೇಲಾದ ಟೆಸ್ಟನ್ನು ಎಷ್ಟೋ ಕಡೆ ಮತ್ತೆ ಬರೆಯಬಹುದು, ಸಾಮಾನ್ಯವಾಗಿ 70ರವರೆಗೆ ಏರಿಸಿಕೊಡುತ್ತಾರೆ. ಆದರೆ ತಾನಾಗಿ ಹೋಗಿ ಕೇಳಬೇಕು. ನಮ್ಮ ಮಕ್ಕಳು ಕೇಳುವುದಿಲ್ಲ.

ಆಟ ಆಡುವ ಹುಡುಗರಿಗೆ ಇನ್ನೊಂದು ಮಾತು. 'ನೋ ಪಾಸ್, ನೋ ಪ್ಲೇ' ಎಂಬ ಕಾನೂನು ಟೆಕ್ಸಸ್‌ನಲ್ಲಿ 1984ರಿಂದ ಇದೆ. ಅಂಕದ ಅವಧಿ ಮುಗಿದಾಗ, ಮೇಲ್ಮಟ್ಟದ ಕೆಲವು ಕ್ಲಾಸುಗಳನ್ನು ಬಿಟ್ಟರೆ, ಒಂದು ವಿಷಯದಲ್ಲಿ 70ರ ಕೆಳಗಿಳಿದರೂ ಕನಿಷ್ಠ ಮೂರು ವಾರ ಪಂದ್ಯ ಬಂದ್. ಇದನ್ನು ಕೇಳಿದಾಗ ಮಾತ್ರ ಹುಡುಗ ತಲೆಯೆತ್ತಿ ನೋಡಿದ.

'ಟ್ಯುಟೋರಿಯಲ್ಸ್' ಎಂದರೆ ದುಡ್ಡಿನ ಟ್ಯೂಷನ್ ಅಲ್ಲ. ಶಾಲೆಗೆ ಮುಂಚೆಯೋ ಆಮೇಲೋ ಮೇಷ್ಟ್ರು ಕೋಣೆಯಲ್ಲೇ ಕೂತಿರುವ ಹೊತ್ತು, ಪುಕ್ಕಟೆ. ದಡ್ಡರು ಹೋಗುವ ಜಾಗ ಅಂತ ನನ್ನ ಮಗಳು ಒಂದು ವರ್ಷ ಅತ್ತ ಸುಳಿಯಲಿಲ್ಲ. ಒಳ್ಳೆಯ ಅಂಕ ತೆಗೆಯುವವರೇ ಅಲ್ಲಿ ತುಂಬಿರುತ್ತಿದ್ದರಂತೆ.

ಕೋಣೆಯೊಳಗಿನ ಶಿಸ್ತು ಕಷ್ಟದ್ದೇನಲ್ಲ. ಬೆಲ್ಲಾದ ಮೇಲೆ ಬಂದರೆ ಟಾರ್ಡಿ, ಹೊರಗೆ ಹೋಗಲು ಹಾಲ್ ಪಾಸ್ ಎಂಬ ಅನುಮತಿ ಚೀಟಿ. 2025ರ ಕಾನೂನಿನಿಂದಾಗಿ ಸರ್ಕಾರಿ ಶಾಲೆಯಲ್ಲಿ ಇಡೀ ದಿನ ಮೊಬೈಲ್ ಮುಟ್ಟುವಂತಿಲ್ಲ. ಮೇಷ್ಟ್ರು ಒಳಗೆ ಬಂದಾಗ ಎದ್ದು ನಿಲ್ಲಬೇಕಿಲ್ಲ. ಆದರೆ 'ಸರ್', 'ಮ್ಯಾಮ್' ಎನ್ನುವ ರೂಢಿ ಟೆಕ್ಸಸ್‌ನಲ್ಲಿ ಇನ್ನೂ ಗಟ್ಟಿಯಾಗಿದೆ, ಅಷ್ಟರಮಟ್ಟಿಗೆ ನಮ್ಮವರು ಗೆದ್ದಂತೆ. ಬೆಳಗ್ಗೆ ದೇಶದ ಬಾವುಟಕ್ಕೂ ರಾಜ್ಯದ ಬಾವುಟಕ್ಕೂ ಪ್ರತಿಜ್ಞೆ ಹೇಳಿಸುತ್ತಾರೆ. ಬೇಡವೆನಿಸಿದ ತಂದೆತಾಯಿ ಒಂದು ಚೀಟಿ ಬರೆದುಕೊಟ್ಟರೆ ವಿನಾಯಿತಿ ಉಂಟು.

ನಕಲಿನ ವಿಚಾರದಲ್ಲಿ ಮಾತ್ರ ನಾವು ಸುಟ್ಟುಕೊಂಡಿದ್ದೇವೆ. ಮಗಳ ಮೊದಲ ಪ್ರಬಂಧ. ಇಲ್ಲಿ ಗೈಡಿನ ಉತ್ತರವನ್ನು ಅಕ್ಷರ ತಪ್ಪದೆ ಇಳಿಸಿದರೆ ಪೂರ್ತಿ ಅಂಕ ಸಿಗುತ್ತಿತ್ತಲ್ಲ, ಅದೇ ಅಭ್ಯಾಸದಲ್ಲಿ ಲೈಬ್ರರಿ ಪುಸ್ತಕದ ಎರಡು ಪ್ಯಾರಾ ಹಾಗೇ ಎತ್ತಿ ಹಾಕಿದ್ದಳು. ಎಲ್ಲಿಂದ ತೆಗೆದದ್ದೆಂದು ಬರೆದಿರಲಿಲ್ಲ. ಸೊನ್ನೆ ಬಂತು, ಶಾಲೆಯಿಂದ ನಮಗೆ ಫೋನೂ ಬಂತು. "ಉತ್ತರ ಸರಿಯಾಗಿಯೇ ಇದೆಯಲ್ಲ?" ಎಂದು ನಾನು ವಾದಿಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಈಗ ಆ ಸಾಲಿಗೆ ಚಾಟ್‌ಜಿಪಿಟಿಯೂ ಸೇರಿದೆ. ಬಳಸಬಹುದೆಂದು ಮೇಷ್ಟ್ರು ಹೇಳದಿದ್ದರೆ ಅದೂ ನಕಲೇ.

ನಿಜವಾದ ಏರು ಬರುವುದು ಬರವಣಿಗೆಯಲ್ಲಿ. ಹುಡುಗ ಎಪಿ ಹಿಸ್ಟರಿ, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಹಿಸ್ಟರಿ, ತೆಗೆದುಕೊಂಡಿದ್ದಾನೆ. ಅದಕ್ಕೆ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಮೂರೂಕಾಲು ಗಂಟೆ. 55 ಬಹುಆಯ್ಕೆ ಪ್ರಶ್ನೆ, ಮೂರು ಕಿರು ಉತ್ತರ, ಒಂದು ದೀರ್ಘ ಪ್ರಬಂಧ, ಜೊತೆಗೆ ಡಿಬಿಕ್ಯೂ. ಏಳು ದಾಖಲೆ ಮುಂದಿಟ್ಟು, ಒಂದು ಗಂಟೆಯಲ್ಲಿ ವಾದ ಕಟ್ಟು ಎನ್ನುವುದೇ ಡಿಬಿಕ್ಯೂ. ಅದಕ್ಕೆ ಏಳು ಅಂಕ, ಇಡೀ ಪರೀಕ್ಷೆಯ ಕಾಲು ಭಾಗದ ತೂಕ. ಏಳರಲ್ಲಿ 'ಇಸವಿ ಸರಿಯಿದೆ' ಎಂಬುದಕ್ಕೆ ಪ್ರತ್ಯೇಕ ಅಂಕ ಇಲ್ಲವೇ ಇಲ್ಲ. ಥೀಸಿಸ್‌ಗೆ, ಅಂದರೆ ವಾದದ ಮುಖ್ಯ ಮಾತಿಗೆ, ಒಂದು, ಹಿನ್ನೆಲೆಗೆ ಒಂದು, ಪುರಾವೆಗೆ ಮೂರು, ವಿಶ್ಲೇಷಣೆಗೆ ಎರಡು.

ಅಮೆರಿಕದ ಕಥೆ ಹಿಡಿದರೆ ಅವನಿಗೆ ದೂರ ಅನ್ನಿಸೀತೆಂದು ನಮ್ಮದನ್ನೇ ತೆಗೆದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ಸೇರಿಸಿಕೊಂಡದ್ದರ ಬಗ್ಗೆ ಬರಿ ಎಂದೆ. ಎರಡೇ ನಿಮಿಷ. 'ಕಾರಣಗಳು: 1, 2, 3' ಎಂದು ಸಂಖ್ಯೆ ಹಾಕಿ, ಕೆಳಗೆ ಗೆರೆ ಎಳೆದು ಕೊಟ್ಟ. ಇಲ್ಲಿ ಇದಕ್ಕೆ ನಾಲ್ಕಕ್ಕೆ ನಾಲ್ಕು. ಅಲ್ಲಿ ಥೀಸಿಸ್‌ನ ಅಂಕ ಹೋಯಿತು, ಏಕೆಂದರೆ ಅವನು ಏನನ್ನೂ ವಾದಿಸಿರಲಿಲ್ಲ.

ಆಗ ಒಂದು ದಾಖಲೆ ಹೇಳಿದೆ. ಆ ವರ್ಷದ ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ. ಕೊಡಗಿನ ಜನರೆಲ್ಲ ಒಮ್ಮತದಿಂದ ಬಯಸಿದ್ದರಿಂದ ಕಂಪನಿ ಸರ್ಕಾರ ರಾಜ್ಯವನ್ನು ವಹಿಸಿಕೊಳ್ಳುತ್ತಿದೆ ಎಂಬುದು ಅದರ ಸಾರ. "ಬರೆದವನು ಯಾರು?" "ಬ್ರಿಟಿಷ್ ಅಧಿಕಾರಿ." "ಯಾವಾಗ?" "ಸೈನ್ಯ ಮಡಿಕೇರಿಗೆ ಬಂದ ಮೇಲೆ." "ಹಾಗಾದರೆ ಒಮ್ಮತ ಅನ್ನುವುದು ಅವನಿಗೆ ಯಾಕೆ ಬೇಕಿತ್ತು?" ಈ ಕೊನೆಯ ಪ್ರಶ್ನೆಯನ್ನು ಅಲ್ಲಿ ಸೋರ್ಸಿಂಗ್ ಎನ್ನುತ್ತಾರೆ. ವಿಶ್ಲೇಷಣೆಯ ಎರಡು ಅಂಕದಲ್ಲಿ ಒಂದು ಅದರದ್ದು.

ಹುಡುಗ ಸ್ವಲ್ಪ ಹೊತ್ತು ಒಲೆ ನೋಡುತ್ತ ಕೂತ. "ಎಲ್ಲರೂ ಒಪ್ಪಿದ್ದರೆ ಮೂರೇ ವರ್ಷಕ್ಕೆ ಅಮರ ಸುಳ್ಯದವರು ಬ್ರಿಟಿಷರ ವಿರುದ್ಧ ಎದ್ದದ್ದು ಯಾಕೆ? ಅವರ ಮುಂದಾಳು ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದ್ದು ಯಾಕೆ?" ಎಂದ. ರಾಜರ ಕಾಲದಲ್ಲಿ ಬೆಳೆಯಲ್ಲೇ ಕಟ್ಟುತ್ತಿದ್ದ ಕಂದಾಯವನ್ನು ಸುಳ್ಯದ ಕಡೆಯವರು ಆಮೇಲೆ ನಗದಿನಲ್ಲಿ ಕಟ್ಟಬೇಕಾಯಿತೆಂದು ಅವನಪ್ಪ ಸೇರಿಸಿದ. ಕೊಟ್ಟ ದಾಖಲೆಯಿಂದಾಚೆಗಿನ ಪುರಾವೆ, ಅದಕ್ಕೂ ಒಂದು ಅಂಕ.

"ಹಾಗಾದರೆ ಘೋಷಣೆ ಬರೀ ಸುಳ್ಳು" ಎಂದು ಹುಡುಗ ತೀರ್ಮಾನ ಮಾಡಿಬಿಟ್ಟ. ಅಲ್ಲೇ ತಡೆದೆ. 1837ರ ಬಂಡಾಯವನ್ನು ಅಡಗಿಸಲು ಬ್ರಿಟಿಷರ ಜೊತೆ ನಿಂತ ಕೊಡಗಿನವರೂ ಇದ್ದರು, ಅವರಿಗೆ ಬ್ರಿಟಿಷರು ಚಿನ್ನ, ಬೆಳ್ಳಿಯ ಪದಕವನ್ನೂ ಕೊಟ್ಟರು. ಇದನ್ನೂ ವಾದದೊಳಗೆ ಹೊಂದಿಸಿಕೊಂಡು ಬರೆದರೆ ಕೊನೆಯ ಅಂಕ, ಎಲ್ಲಕ್ಕಿಂತ ದುರ್ಲಭವಾದದ್ದು, ಸಿಗಬಹುದು. "ನಮ್ಮ ಮನೆಯವರು ಯಾವ ಕಡೆ ಇದ್ದರು?" ಎಂದು ಅವನು ಅಪ್ಪನನ್ನು ಕೇಳಿದ. ಅಪ್ಪ ಕಾಫಿ ತರಲು ಎದ್ದು ಹೋದ.

ಆರನೇ ಹಾಳೆಯ ಕೆಳಗೆ ವಿದ್ಯಾರ್ಥಿ ಮತ್ತು ಪೋಷಕರ ಸಹಿಗೆ ಗೆರೆ ಇತ್ತು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಹಿ ಹಾಕಿ ಮೊದಲ ವಾರವೇ ಒಪ್ಪಿಸಿದರೆ ಎಷ್ಟೋ ಕ್ಲಾಸುಗಳಲ್ಲಿ ಅದೇ ವರ್ಷದ ಮೊದಲ 100 ಅಂಕ. ಭಾವಮೈದ ಸಹಿ ಹಾಕಲು ಹಾಳೆ ತಿರುಗಿಸಿ ನೋಡಿದರೆ, ಹುಡುಗ ಅದರ ಬೆನ್ನಲ್ಲೇ ಬರೆದು ತುಂಬಿಸಿಬಿಟ್ಟಿದ್ದ: 'ಘೋಷಣೆಯಲ್ಲಿ ಹೇಳಿದ ಒಮ್ಮತ ಕೊಡಗಿನ ಕೆಲವರದ್ದು ಮಾತ್ರ, ಏಕೆಂದರೆ...' ಕರೆಂಟು ಬಂದ ಮೇಲೆ ಕುಶಾಲನಗರಕ್ಕೆ ಹೋಗಿ ಇನ್ನೊಂದು ಪ್ರಿಂಟ್ ತೆಗೆಸಿದರು.