ಬಿಲ್ಲು ಯಾರ ಹೆಸರಲ್ಲಿದೆ? ಬ್ರಿಟನ್ನಿನ ಪಿಂಚಣಿದಾರರಿಗೆ ಮನೆ ಬೆಚ್ಚಗಿಡಲು ಸಿಗುವ ನೆರವು

ಬ್ರಿಟನ್ನಿನಲ್ಲಿ ನೆಲೆಸಿರುವ ಹಿರಿಯರಿಗೆ ಚಳಿಗಾಲದ ಖರ್ಚಿಗೆಂದು ಸಿಗುವ ನೆರವು ಒಂದೇ ಕಡೆಯಿಂದ ಬರುವುದಿಲ್ಲ. ಒಂದು ಹಣ ತಾನಾಗಿ ಬ್ಯಾಂಕಿಗೆ ಬೀಳುತ್ತದೆ. ಇನ್ನೊಂದು ಕರೆಂಟ್ ಬಿಲ್ಲಿನಲ್ಲಿರುವ ಹೆಸರನ್ನು ನೋಡಿ ಬರುತ್ತದೆ, ಮತ್ತೊಂದು ಥರ್ಮಾಮೀಟರ್ ಸೊನ್ನೆಗಿಳಿದಾಗ ಮಾತ್ರ. ಗೋಡೆ, ಅಟ್ಟಕ್ಕೆ ಇನ್ಸುಲೇಶನ್ (ಶಾಖ ಹೊರಹೋಗದಂತೆ ತಡೆಯುವ ಹೊದಿಕೆ) ಹಾಕಿಸುವ ಹಣಕ್ಕೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೇ ಅರ್ಜಿ ಹಾಕಬೇಕು. ಇಷ್ಟೆಲ್ಲ ಬಾಗಿಲುಗಳಿದ್ದರೂ ಹೆಚ್ಚಿನವಕ್ಕೆ ಬೀಗದ ಕೈ ಒಂದೇ: ಪೆನ್ಷನ್ ಕ್ರೆಡಿಟ್. ಆದ್ದರಿಂದ ಇಲ್ಲಿನ ಕೆಲಸಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊತ್ತ, ತಾರೀಖುಗಳೆಲ್ಲ 2025–26ರವು. ವರ್ಷ ವರ್ಷವೂ ಬದಲಾಗುತ್ತವೆ. ಹೇಳಿರುವುದು ಮುಖ್ಯವಾಗಿ ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ವ್ಯವಸ್ಥೆ ಬೇರೆ.

ಮೊದಲು ಪೆನ್ಷನ್ ಕ್ರೆಡಿಟ್

ವಾರದ ಆದಾಯ ಒಂದು ಮಟ್ಟಕ್ಕಿಂತ ಕಡಿಮೆಯಿದ್ದರೆ ಆ ಮಟ್ಟದವರೆಗೆ ಸರ್ಕಾರ ತುಂಬಿಕೊಡುವ ಹಣ ಇದು. 2025–26ರಲ್ಲಿ ಆ ಮಟ್ಟ ಒಬ್ಬರೇ ಇದ್ದರೆ 227.10 ಪೌಂಡ್, ದಂಪತಿಗೆ 346.60 ಪೌಂಡ್ ಇತ್ತು. ದಂಪತಿಯಾದರೆ ಇಬ್ಬರೂ ಸ್ಟೇಟ್ ಪೆನ್ಷನ್ (ಸರ್ಕಾರ ಕೊಡುವ ಪಿಂಚಣಿ) ವಯಸ್ಸು ಮುಟ್ಟಿರಬೇಕು. 2019ರ ಮೇ ತಿಂಗಳಿಂದ ಹೊಸ ಅರ್ಜಿಗಳಿಗೆ ಈ ಷರತ್ತಿದೆ.

ಪೂರ್ತಿ ಹೊಸ ಸ್ಟೇಟ್ ಪೆನ್ಷನ್ 2025–26ರಲ್ಲಿ ವಾರಕ್ಕೆ 230.25 ಪೌಂಡ್ ಇತ್ತು. ಅಷ್ಟು ಸಿಗುವ ಒಂಟಿ ವ್ಯಕ್ತಿ ಕೂದಲೆಳೆಯಲ್ಲಿ ಗೆರೆ ದಾಟಿಬಿಡುತ್ತಾರೆ. ಆದರೆ ಅದಕ್ಕೆ ಸಾಮಾನ್ಯವಾಗಿ 35 ವರ್ಷ ನ್ಯಾಷನಲ್ ಇನ್ಶೂರೆನ್ಸ್ (ದುಡಿಮೆಯಿಂದ ಸರ್ಕಾರಕ್ಕೆ ಹೋಗುವ ವಂತಿಗೆ) ಕಟ್ಟಿರಬೇಕು. ನಲವತ್ತು ದಾಟಿದ ಮೇಲೆ ಕರ್ನಾಟಕದಿಂದ ಹೋಗಿ ಕೆಲಸಕ್ಕೆ ಸೇರಿದವರಿಗೆ ಅಷ್ಟು ವರ್ಷ ತುಂಬುವುದೇ ಇಲ್ಲ. ಹಾಗಾಗಿ ಇದು ‘ನಮ್ಮಂಥವರಿಗಲ್ಲ’ ಎಂದು ಬಿಟ್ಟುಬಿಡುವವರೇ ಹಲವೊಮ್ಮೆ ಇದಕ್ಕೆ ಅರ್ಹರು.

ಲೆಕ್ಕ ಹೀಗೆ. 20 ವರ್ಷ ಕಟ್ಟಿದ ಒಂಟಿ ಮಹಿಳೆಗೆ ಪಿಂಚಣಿ ವಾರಕ್ಕೆ ಸುಮಾರು 131.57 ಪೌಂಡ್. ಉಳಿತಾಯ 14,000 ಪೌಂಡ್ ಇದೆ ಎನ್ನಿ. ಮೊದಲ 10,000ವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮೇಲಿನ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯವೆಂದು ಎಣಿಸುತ್ತಾರೆ. ಇಲ್ಲಿ 8 ಪೌಂಡ್ ಆಯಿತು. ಒಟ್ಟು 139.57. ಗೆರೆ ಮುಟ್ಟಲು ಬೇಕಾದ 87.53 ಪೌಂಡ್ ಪ್ರತಿ ವಾರ ಬರುತ್ತದೆ. ಉಳಿತಾಯ ಇಷ್ಟು ದಾಟಿದರೆ ಅರ್ಜಿಯೇ ಇಲ್ಲ ಎಂಬ ಗಡಿ ಪೆನ್ಷನ್ ಕ್ರೆಡಿಟ್‌ಗೆ ಇಲ್ಲ.

ನಮ್ಮವರು ಎಡವುವುದು ‘ಉಳಿತಾಯ’ ಎಂಬ ಮಾತಿನಲ್ಲಿ. ವಾಸದ ಮನೆಯನ್ನು ಬಿಟ್ಟು ಉಳಿದ ಆಸ್ತಿ ಯಾವ ದೇಶದಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಸೈಟು, ಹುಬ್ಬಳ್ಳಿಯ ಬ್ಯಾಂಕಿನಲ್ಲಿಟ್ಟ ಎಫ್‌ಡಿ, ಎಲ್ಲವನ್ನೂ ಹೇಳಲೇಬೇಕು. ಮುಚ್ಚಿಟ್ಟರೆ ಕೊಟ್ಟ ಹಣವನ್ನು ವಾಪಸ್ ಕೇಳುತ್ತಾರೆ, ಮೊಕದ್ದಮೆಯೂ ಆಗಬಹುದು.

ಅರ್ಜಿಯನ್ನು ಸರ್ಕಾರದ ಜಾಲತಾಣದಲ್ಲಿ ತುಂಬಬಹುದು ಅಥವಾ 0800 99 1234ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಬ್ಯಾಂಕ್ ವಿವರ, ಪಿಂಚಣಿ ಮತ್ತು ಉಳಿತಾಯದ ಕಾಗದಗಳು ಕೈಗೆಟಕುವಂತಿರಲಿ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕೆಂದು ಕೇಳಿ. ಮಗನೋ ಮಗಳೋ ಪಕ್ಕದಲ್ಲಿ ಕೂತು ಮಾತಾಡಲೂ ಬಹುದು. ಅರ್ಹತೆ ಮೊದಲಿಂದಲೇ ಇದ್ದರೆ ಹಿಂದಿನ ಮೂರು ತಿಂಗಳದ್ದನ್ನೂ ಕೊಡುತ್ತಾರೆ. ವಾರಕ್ಕೆ ಒಂದೇ ಪೌಂಡ್ ಸಿಗುತ್ತದೆ ಎಂದಾದರೂ ಅರ್ಜಿ ಹಾಕಿ. ಆ ಒಂದು ಪೌಂಡಿನ ಬೆನ್ನಿಗೆ ಕರೆಂಟ್ ಬಿಲ್ಲಿನಲ್ಲಿ 150 ಪೌಂಡಿನ ರಿಯಾಯಿತಿ ಬರುತ್ತದೆ, ಇನ್ಸುಲೇಶನ್ನಿನ ದಾರಿಯೂ ಸಲೀಸಾಗುತ್ತದೆ.

ಗೆರೆ ಸ್ವಲ್ಪದರಲ್ಲಿ ದಾಟಿದ್ದೀರಾ? ಸ್ನಾನ, ಬಟ್ಟೆ, ಓಡಾಟಕ್ಕೆ ಇನ್ನೊಬ್ಬರ ನೆರವು ಬೇಕಾದವರು ಮೊದಲು ಅಟೆಂಡೆನ್ಸ್ ಅಲೋಯನ್ಸ್‌ಗೆ ಅರ್ಜಿ ಹಾಕಲಿ. ಅದಕ್ಕೆ ಆದಾಯದ ಮಿತಿಯಿಲ್ಲ, ಪೆನ್ಷನ್ ಕ್ರೆಡಿಟ್ ಲೆಕ್ಕದಲ್ಲೂ ಅದನ್ನು ಆದಾಯವೆಂದು ಹಿಡಿಯುವುದಿಲ್ಲ. ಅದು ಮಂಜೂರಾಗಿ, ಒಬ್ಬರೇ ವಾಸವಿದ್ದು, ನಿಮ್ಮನ್ನು ನೋಡಿಕೊಳ್ಳುವುದಕ್ಕೆಂದು ಬೇರೆ ಯಾರೂ ಕೇರರ್ಸ್ ಅಲೋಯನ್ಸ್ ಪಡೆಯುತ್ತಿಲ್ಲದಿದ್ದರೆ ಗೆರೆಯೇ ವಾರಕ್ಕೆ (2025–26ರ ಲೆಕ್ಕದಲ್ಲಿ) 82.90 ಪೌಂಡಿನಷ್ಟು ಮೇಲೇರುತ್ತದೆ.

ಎರಡು ಎಚ್ಚರಿಕೆ. ಮಕ್ಕಳ ಪ್ರಾಯೋಜನೆಯ ವೀಸಾದಲ್ಲಿ ಹೋದ ತಂದೆ ತಾಯಿ ಪೆನ್ಷನ್ ಕ್ರೆಡಿಟ್ ಮುಟ್ಟುವ ಮುನ್ನ ವೀಸಾದ ಷರತ್ತು ಓದಬೇಕು. ‘ಪಬ್ಲಿಕ್ ಫಂಡ್ಸ್ ಇಲ್ಲ’ ಎಂದಿದ್ದರೆ ಅರ್ಜಿ ಹಾಕುವುದೇ ತಪ್ಪಾಗುತ್ತದೆ. ಇನ್ನೊಂದು ಊರಿನ ಪ್ರಯಾಣ. ಪೆನ್ಷನ್ ಕ್ರೆಡಿಟ್ ಪಡೆಯುವವರು ಸಾಮಾನ್ಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಹೊರದೇಶದಲ್ಲಿರುವಂತಿಲ್ಲ. ಹತ್ತಿರದವರ ಸಾವಿನಂಥ ಸಂದರ್ಭಕ್ಕೆ ಎಂಟು ವಾರ, ಚಿಕಿತ್ಸೆಗಾದರೆ 26 ವಾರದವರೆಗೆ ವಿನಾಯಿತಿ. ನವರಾತ್ರಿಗೆಂದು ಹೊರಟು ಸಂಕ್ರಾಂತಿ ಮುಗಿಸಿಕೊಂಡು ಬರುವ ಅಭ್ಯಾಸದವರಿಗೆ ಇದರ ಬಿಸಿ ತಟ್ಟುತ್ತದೆ. ಹೊರಡುವ ಮುಂಚೆ ಇಲಾಖೆಗೆ ತಿಳಿಸಿ.

ತಾನಾಗಿ ಬರುವ ಹಣ

ವಿಂಟರ್ ಫ್ಯೂಯೆಲ್ ಪೇಮೆಂಟ್ 1997ರಿಂದ ಇದೆ. 2024ರಲ್ಲಿ ಇದನ್ನು ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗಷ್ಟೇ ಸೀಮಿತಗೊಳಿಸಿ, ಗದ್ದಲವಾದ ಮೇಲೆ 2025ರಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಪಿಂಚಣಿ ವಯಸ್ಸಿನ ಎಲ್ಲರಿಗೂ ಬರುತ್ತದೆ: ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. ಗಂಡ ಹೆಂಡತಿ ಇಬ್ಬರೂ 80ರ ಒಳಗಿದ್ದರೆ ತಲಾ 100. ನವೆಂಬರ್, ಡಿಸೆಂಬರ್‌ನಲ್ಲಿ ಬ್ಯಾಂಕಿಗೆ ಬೀಳುತ್ತದೆ. ತೆರಿಗೆಗೆ ಒಳಪಡುವ ಆದಾಯ ವರ್ಷಕ್ಕೆ 35,000 ಪೌಂಡ್ ಮೀರಿದವರಿಂದ ತೆರಿಗೆ ಇಲಾಖೆ ಅಷ್ಟನ್ನೂ ಮರಳಿ ವಸೂಲು ಮಾಡುತ್ತದೆ. ಇಲ್ಲಿ ನೋಡುವುದು ಒಬ್ಬೊಬ್ಬರ ಆದಾಯವನ್ನು, ಮನೆಯ ಒಟ್ಟು ಆದಾಯವನ್ನಲ್ಲ. ನಿವೃತ್ತ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ವೈದ್ಯರ ಮನೆಯಲ್ಲಿ ಗಂಡನ ಪಾಲು ಹೋಗಿ ಹೆಂಡತಿಯ ಪಾಲು ಉಳಿಯುವುದು ಹೀಗೆ.

2025–26ರ ಚಳಿಗಾಲದ ‘ಅರ್ಹತಾ ವಾರ’ 2025ರ ಸೆಪ್ಟೆಂಬರ್ 15ರಿಂದ 21 ಆಗಿತ್ತು. ಆ ವಾರ ವಾಸ ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿರಬೇಕಿತ್ತು. ಹುಟ್ಟಿದ್ದು 1959ರ ಸೆಪ್ಟೆಂಬರ್ 22ಕ್ಕಿಂತ ಮುಂಚೆ ಆಗಿರಬೇಕಿತ್ತು. ಬೆಂಗಳೂರಿಗೆ ಕಾಯಂ ಮರಳಿದವರಿಗೆ ಇದು ಇಲ್ಲ. (ಅವರ ಸ್ಟೇಟ್ ಪೆನ್ಷನ್ ಕೂಡ ಮರಳಿದ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ, ಭಾರತದಲ್ಲಿರುವವರಿಗೆ ವಾರ್ಷಿಕ ಏರಿಕೆ ಸಿಗುವುದಿಲ್ಲ. ಮರಳುವ ಯೋಚನೆಯಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.)

‘ಹಣ ಬಂದಿದೆ, ಈ ಲಿಂಕ್ ಒತ್ತಿ’ ಎಂಬ ಎಸ್‌ಎಂಎಸ್ ಬಂದರೆ ಅಳಿಸಿಹಾಕಿ. ಹೆಚ್ಚಿನವರಿಗೆ ಅರ್ಜಿಯೇ ಬೇಡದ ಹಣ ಇದು. ಸರ್ಕಾರ ಎಸ್‌ಎಂಎಸ್ ಮೂಲಕ ಬ್ಯಾಂಕ್ ವಿವರ ಕೇಳುವುದಿಲ್ಲ.

ಬಿಲ್ಲಿನ ಮೇಲಿನ ಹೆಸರು

ವಾರ್ಮ್ ಹೋಮ್ ಡಿಸ್ಕೌಂಟ್ ನಗದಲ್ಲ, ಕರೆಂಟ್ ಬಿಲ್ಲಿನಲ್ಲಿ 150 ಪೌಂಡ್ ಕಡಿತ. 2025–26ರಲ್ಲಿ ಎರಡು ಷರತ್ತು: 2025ರ ಆಗಸ್ಟ್ 24ರಂದು ಪೆನ್ಷನ್ ಕ್ರೆಡಿಟ್‌ನಂಥ ನೆರವಿಗೆ ಅರ್ಹರಾಗಿರಬೇಕಿತ್ತು, ಅದೇ ದಿನ ಕರೆಂಟ್ ಬಿಲ್ಲು ಆ ನೆರವು ಪಡೆಯುವವರದ್ದೋ ಅವರ ಸಂಗಾತಿಯದ್ದೋ ಹೆಸರಿನಲ್ಲಿರಬೇಕಿತ್ತು. ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಎರಡನೆಯದು. ಆನ್‌ಲೈನ್ ಪಾವತಿ ಸುಲಭವೆಂದು ಮಗ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಂಡಿರುತ್ತಾನೆ. ಅಮ್ಮನಿಗೆ ಅರ್ಹತೆಯಿದ್ದೂ ರಿಯಾಯಿತಿ ಬರುವುದಿಲ್ಲ. ಅಮ್ಮನದೇ ಪ್ರತ್ಯೇಕ ಮನೆಯಾದರೆ ಖಾತೆಯನ್ನು ಬೇಸಿಗೆಯಲ್ಲೇ ಅವರ ಹೆಸರಿಗೆ ಬದಲಿಸಿ, ಹಣ ಮಗನ ಬ್ಯಾಂಕಿನಿಂದ ಹೋಗುವಂತೆ ಮಾಡಿದರಾಯಿತು. ಪ್ರೀಪೇ ಮೀಟರ್ ಇದ್ದರೂ ಸಿಗುತ್ತದೆ. ವೋಚರ್ ಬಂದರೆ ಡ್ರಾಯರ್‌ನಲ್ಲಿ ಮರೆಯದೆ ಬಳಸಿ.

ಕೋಲ್ಡ್ ವೆದರ್ ಪೇಮೆಂಟ್ ಸರಳ. ನವೆಂಬರ್ 1ರಿಂದ ಮಾರ್ಚ್ 31ರೊಳಗೆ ನಿಮ್ಮ ಪೋಸ್ಟ್‌ಕೋಡ್‌ಗೆ ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನದ ಸರಾಸರಿ ಉಷ್ಣಾಂಶ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 25 ಪೌಂಡ್. ಪೆನ್ಷನ್ ಕ್ರೆಡಿಟ್ ಇದ್ದರೆ ತಾನಾಗಿ ಬರುತ್ತದೆ.

ಮನೆಯ ಮೈಗೆ ಹೊದಿಕೆ

ಇನ್ಸುಲೇಶನ್ ಇಲ್ಲದ ಮನೆಯಲ್ಲಿ ಶಾಖದ ಸುಮಾರು ಕಾಲು ಭಾಗ ಚಾವಣಿಯಿಂದಲೇ ಸೋರಿಹೋಗುತ್ತದೆ, ಗೋಡೆಗಳ ಮೂಲಕ ಇನ್ನೂ ಹೆಚ್ಚು. ಮೇಲೆ ಹೇಳಿದ ಹಣವೆಲ್ಲ ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಕೊಡಕ್ಕೆ ಮೆತ್ತುವುದು ಇನ್ನು ಮುಂದಿನ ಕೆಲಸ.

ಮೊದಲು ಮನೆಯ ಇಪಿಸಿ ನೋಡಿ. ಶಕ್ತಿ ಬಳಕೆಗೆ ಎ ಇಂದ ಜಿ ವರೆಗೆ ದರ್ಜೆ ಕೊಡುವ ಪ್ರಮಾಣಪತ್ರ ಅದು. ಹತ್ತು ವರ್ಷ ಚಾಲ್ತಿ, ಸರ್ಕಾರದ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಉಚಿತವಾಗಿ ಕಾಣುತ್ತದೆ. ಡಿ ಇಂದ ಜಿ ದರ್ಜೆಯ ಮನೆಗಳಿಗೆ ಇಂಗ್ಲೆಂಡಿನಲ್ಲಿ 2025ರಿಂದ ವಾರ್ಮ್ ಹೋಮ್ಸ್ ಲೋಕಲ್ ಗ್ರಾಂಟ್ ಇದೆ. ಮನೆಯ ವಾರ್ಷಿಕ ಆದಾಯ 36,000 ಪೌಂಡ್ ಒಳಗಿರಬೇಕು, ಅಥವಾ ಪೆನ್ಷನ್ ಕ್ರೆಡಿಟ್‌ನಂಥ ನೆರವಿರಬೇಕು, ಅಥವಾ ಗೊತ್ತುಮಾಡಿದ ಪೋಸ್ಟ್‌ಕೋಡ್‌ನಲ್ಲಿರಬೇಕು. ಇನ್ಸುಲೇಶನ್, ಸೋಲಾರ್‌ನಂಥ ಕೆಲಸಕ್ಕೆ 15,000 ಪೌಂಡ್‌ವರೆಗೆ, ಹೀಟ್ ಪಂಪ್‌ನಂಥ (ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಎಳೆದು ಮನೆ ಬೆಚ್ಚಗಿಡುವ ಯಂತ್ರ) ತಾಪನ ವ್ಯವಸ್ಥೆಗೆ ಇನ್ನೊಂದು 15,000 ಪೌಂಡ್‌ವರೆಗೆ ಸಿಗುತ್ತದೆ. ಸ್ವಂತ ಮನೆಯವರು ಕೈಯಿಂದ ಹಾಕಬೇಕಿಲ್ಲ. ಹಣ ನಿಮ್ಮ ಕೈಗೆ ಬರುವುದಿಲ್ಲ. ಕೌನ್ಸಿಲ್ ಗೊತ್ತುಮಾಡಿದವರು ಬಂದು ಕೆಲಸ ಮಾಡುತ್ತಾರೆ. ವೇಲ್ಸ್‌ನಲ್ಲಿ ‘ನೆಸ್ಟ್’ ಯೋಜನೆ, ಸ್ಕಾಟ್ಲೆಂಡ್‌ನಲ್ಲಿ ಹೋಮ್ ಎನರ್ಜಿ ಸ್ಕಾಟ್ಲೆಂಡ್ ವಿಚಾರಿಸಿ.

ಅಟ್ಟದಿಂದ ಆರಂಭಿಸಿ. ಟಾರ್ಚ್, ಸ್ಕೇಲು ಹಿಡಿದು ಮೇಲೆ ಹತ್ತಿ ಈಗ ಹಾಸಿರುವ ಇನ್ಸುಲೇಶನ್ ಉಣ್ಣೆಯ ದಪ್ಪ ಅಳೆಯಿರಿ (ಮಂಡಿನೋವಿನವರು ಏಣಿಯ ತಂಟೆಗೆ ಹೋಗದೆ ಬೇರೆಯವರನ್ನು ಹತ್ತಿಸಲಿ). ಇರಬೇಕಾದ್ದು 270 ಮಿ.ಮೀ. ಮಿನರಲ್ ವೂಲ್ (ಗಾಜು ಅಥವಾ ಕಲ್ಲಿನ ನಾರಿನ ಉಣ್ಣೆ): ಅಡ್ಡತೊಲೆಗಳ ನಡುವೆ 100, ಅವುಗಳ ಮೇಲೆ ಅಡ್ಡಲಾಗಿ 170. ಹಳೆಯ ಮನೆಗಳಲ್ಲಿ ತೊಲೆಯ ಮಟ್ಟಕ್ಕೆ ನಿಂತ ತೆಳುಪದರವಷ್ಟೇ ಸಿಗುತ್ತದೆ. ಅದರ ಮೇಲೆ ಎರಡನೇ ಪದರ ಹಾಸಿದರೆ ಸಾಕು. ಕೆಲಸದವರು ಹೋಗುವ ಮುಂಚೆ ಈ ಕೆಳಗಿನದನ್ನು ನೋಡಿ. ಸೂರಿನ ಅಂಚಿನಲ್ಲಿ ಗಾಳಿಗೆ ಸುಮಾರು 50 ಮಿ.ಮೀ. ಸಂದು ಬಿಟ್ಟಿದ್ದಾರಾ? ಅದು ಮುಚ್ಚಿದರೆ ಅಡುಗೆ, ಸ್ನಾನದ ಹಬೆ ಮೇಲೇರಿ ತಣ್ಣನೆಯ ಮರಕ್ಕೆ ಹನಿಗಟ್ಟುತ್ತದೆ, ಮರುವರ್ಷ ಬೂಷ್ಟು. ತಣ್ಣೀರಿನ ಟ್ಯಾಂಕ್ ಇದ್ದರೆ ಅದರ ಅಡಿಗೆ ಉಣ್ಣೆ ಹಾಕಬಾರದು, ಕೆಳಗಿನ ಕೋಣೆಯ ಬಿಸಿ ತಾಕದೆ ನೀರು ಹೆಪ್ಪುಗಟ್ಟೀತು. ಟ್ಯಾಂಕಿನ ಮೈಗೂ ಪೈಪಿಗೂ ಹೊದಿಸಬೇಕು. ಕರೆಂಟ್ ಕೇಬಲ್ ಉಣ್ಣೆಯ ಅಡಿ ಹೂತರೆ ಬಿಸಿಯೇರುತ್ತದೆ, ಮೇಲಕ್ಕೆತ್ತಿಡಬೇಕು. ಚಾವಣಿಯೊಳಗೆ ಕೂರಿಸಿದ ಹಳೆಯ ದೀಪಗಳ (ಡೌನ್‌ಲೈಟ್) ಮೇಲೆ ನೇರವಾಗಿ ಹಾಸಬಾರದು. ಅಟ್ಟದಲ್ಲಿ ಸೂಟ್‌ಕೇಸ್, ಹಬ್ಬದ ಪಾತ್ರೆ ಇಡಲು ಉಣ್ಣೆಯ ಮೇಲೆಯೇ ಹಲಗೆ ಬಡಿದರೆ ಅದು ಅಮುಕಿ ಅರ್ಧ ಗುಣ ಹೋಯಿತು. ಹಲಗೆಯನ್ನು ಎತ್ತರದ ಕಾಲುಗಳ ಮೇಲೆ ಕೂರಿಸಬೇಕು. ಬಾಗಿಲು ತಟ್ಟಿ ಅಟ್ಟಕ್ಕೆ ಸ್ಪ್ರೇ ಫೋಮ್ ಹೊಡೆಯುತ್ತೇವೆ ಎನ್ನುವವರನ್ನು ಒಳಗೆ ಬಿಡಬೇಡಿ. ಅದು ಮರವನ್ನು ಮರೆಮಾಡುವುದರಿಂದ ಮನೆ ಮಾರುವಾಗ ಕೊಳ್ಳುವವರಿಗೆ ಎಷ್ಟೋ ಬ್ಯಾಂಕ್‌ಗಳು ಸಾಲ ಕೊಡುವುದಿಲ್ಲ.

ಗೋಡೆಯ ಬಗೆಯನ್ನು ಹೊರಗೆ ನಿಂತೇ ಗುರುತಿಸಬಹುದು. ಇಟ್ಟಿಗೆಗಳ ಉದ್ದ ಮುಖ ಮಾತ್ರ ಕಾಣುತ್ತಿದ್ದರೆ ಹೆಚ್ಚಾಗಿ ನಡುವೆ ಪೊಳ್ಳು ಬಿಟ್ಟ ಜೋಡಿ ಗೋಡೆ, ಅಂದರೆ ಕ್ಯಾವಿಟಿ. ಉದ್ದ ಮುಖದ ಜೊತೆ ಗಿಡ್ಡ ಮುಖವೂ ಬೆರೆತಿದ್ದರೆ ನಡುವೆ ಪೊಳ್ಳಿಲ್ಲದ ಗಟ್ಟಿಗೋಡೆ. 1920ಕ್ಕಿಂತ ಹಿಂದಿನ ಮನೆಗಳು ಸಾಮಾನ್ಯವಾಗಿ ಇಂಥವು. ಕ್ಯಾವಿಟಿಯಾದರೆ ಹೊರಗಿನಿಂದ ಸುಮಾರು ಮೀಟರಿಗೊಂದರಂತೆ 22ರಿಂದ 25 ಮಿ.ಮೀ. ತೂತು ಕೊರೆದು ಥರ್ಮಾಕೋಲ್ ಮಣಿ ಅಥವಾ ಉಣ್ಣೆ ಊದಿ ಮುಚ್ಚುತ್ತಾರೆ. ಅರ್ಧ ದಿನದ ಕೆಲಸ, ಒಳಗಿನ ಸಾಮಾನು ಸರಿಸಬೇಕಿಲ್ಲ. ಆದರೆ ಮಳೆ ರಾಚುವ ಪಶ್ಚಿಮ ಕರಾವಳಿಯ ಮನೆಗಳಿಗೆ ಇದು ಎಲ್ಲ ಸಲ ಒಗ್ಗುವುದಿಲ್ಲ. ಒಡೆದ ಗಾರೆಯಿಂದ ಒಳಬಂದ ನೀರು ತುಂಬಿದ ವಸ್ತುವನ್ನು ಹಿಡಿದು ಒಳಗೋಡೆಗೆ ದಾಟುತ್ತದೆ. ಆದ್ದರಿಂದ ಗಾರೆ, ನೀರುದೋಣಿ ಮೊದಲು ದುರಸ್ತಿಯಾಗಲಿ.

ಗಟ್ಟಿಗೋಡೆಗೆ ಹೊರಗಿನಿಂದ ಹೊದಿಸುವ ಕೆಲಸದಲ್ಲಿ ದುಪ್ಪಟ್ಟು ಎಚ್ಚರ ಬೇಕು. ಸರ್ಕಾರಿ ಯೋಜನೆಗಳಲ್ಲಿ ಹೀಗೆ ಹೊದಿಸಿದ ಮನೆಗಳಲ್ಲಿ 98 ಪ್ರತಿಶತಕ್ಕೆ ಮರುದುರಸ್ತಿ ಬೇಕಾಗಿದೆಯೆಂದು ಬ್ರಿಟನ್ನಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2025ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಕೆಲಸದವರು ಟ್ರಸ್ಟ್‌ಮಾರ್ಕ್ (ಸರ್ಕಾರ ಒಪ್ಪಿದ ಗುಣಮಟ್ಟದ ಯೋಜನೆ) ನೋಂದಣಿಯವರೇ ಎಂದು ಆ ತಾಣದಲ್ಲೇ ಹುಡುಕಿ. ಕರಪತ್ರದ ಮೇಲಿನ ಮುದ್ರೆ ನಂಬಬೇಡಿ. ಕೆಲಸ ಶುರುವಾಗುವ ಮುಂಚೆ ರೆಟ್ರೋಫಿಟ್ ಅಸೆಸರ್ (ಇಂಥ ಕೆಲಸಕ್ಕೆ ಮುನ್ನ ಮನೆ ಪರೀಕ್ಷಿಸುವ ತಜ್ಞ) ಬಂದು ಗಾಳಿಯ ದಾರಿಗಳನ್ನೂ ಸೇರಿಸಿ ಪರೀಕ್ಷಿಸಿರಬೇಕು. ಕಿಟಕಿಯ ಮೇಲಿನ ಗಾಳಿಸಂದು, ಬಚ್ಚಲಿನ ಫ್ಯಾನ್ ಬಗ್ಗೆ ಮಾತೇ ಎತ್ತದವರ ಕೆಲಸ ಬೇಡ. ಒಗ್ಗರಣೆಯ ಮನೆಗೆ ಹಬೆ ಹೊರಹೋಗಲು ದಾರಿ ಬೇಕೇ ಬೇಕು.

ಹೀಟ್ ಪಂಪ್ ಕೊನೆಗೆ. ಅಟ್ಟ, ಗೋಡೆ ಮುಗಿದ ಮೇಲೆ ಚಿಕ್ಕ ಪಂಪ್ ಸಾಕಾಗುತ್ತದೆ. ಕೌನ್ಸಿಲ್ ಗ್ರಾಂಟ್‌ಗೆ ಅರ್ಹರಲ್ಲದವರಿಗೂ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್‌ನಲ್ಲಿ 7,500 ಪೌಂಡ್ ರಿಯಾಯಿತಿ ಇದೆ, ಆದಾಯದ ಪ್ರಶ್ನೆಯಿಲ್ಲ. ಅರ್ಜಿ ಹಾಕುವವರು ನೀವಲ್ಲ, ಎಂಸಿಎಸ್ (ಹೀಟ್ ಪಂಪ್‌ನಂಥವನ್ನು ಕೂರಿಸುವವರ ಗುಣಮಟ್ಟದ ಯೋಜನೆ) ಪ್ರಮಾಣಪತ್ರವಿರುವ ಗುತ್ತಿಗೆದಾರರು. ಕೊಟೇಶನ್‌ನಲ್ಲಿ ಆ ಮೊತ್ತ ಕಳೆದೇ ತೋರಿಸಬೇಕು. ಕಡಿಮೆಯೆಂದರೂ ಮೂರು ಕೊಟೇಶನ್ ತರಿಸಿ. ಕೋಣೆ ಕೋಣೆಯ ಶಾಖದ ಲೆಕ್ಕ ಹಾಕದೆ ಫೋನಿನಲ್ಲೇ ಬೆಲೆ ಹೇಳಿದವರದನ್ನು ಪಕ್ಕಕ್ಕಿಡಿ.